ಮುಟ್ಟದೆ ಮರಳಲೆಂದು ಕಟ್ಟಿದ ಡಬ್ಬಿ

ಕೊಪ್ಪಳದಲ್ಲಿ ನಮ್ಮ ಮಗ್ಗುಲ ಮನೆಯಲ್ಲಿದ್ದ ಹಿರಿಯಾಕೆಯನ್ನು ಓಣಿಯವರೆಲ್ಲ ಚಿಗವ್ವ ಎಂದೇ ಕರೆಯುತ್ತಿದ್ದೆವು. ಯಾರಾದರೂ ಊರಿಗೆ ಹೊರಟರೆ ಸಾಕು, ಹತ್ತಿ, ಬ್ಯಾಂಡೇಜು, ಸುಟ್ಟಗಾಯದ ಮುಲಾಮು, ಜ್ವರದ ಗುಳಿಗೆ ಎಲ್ಲವನ್ನೂ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ತರುತ್ತಿದ್ದರು. ಗುಳಿಗೆಯ ತಾರೀಖನ್ನು ಬೆಳಕಿಗೆ ಹಿಡಿದು ನೋಡುವರು. ಡಬ್ಬಿ ಕೈಗಿಡುವಾಗ, “ಮುಟ್ಟಲಾರದಂಗ ವಾಪಸ್ ಬರ್ಲಿ” ಎನ್ನುವರು.

ಒಮ್ಮೆ ನಾನು ಕಾರಿನಲ್ಲಿ ಗಂಗಾವತಿಗೆ ಹೊರಟಾಗ ಬೇಡವೆಂದೆ. “ಗಂಗಾವತಿ ಏನ್ ದೂರ ಐತಿ, ಚಿಗವ್ವ?”

“ಬೀಳಾಕ ದೂರ ಹೋಗಬೇಕೇನು?” ಎಂದು ಡಬ್ಬಿಯನ್ನು ಸೀಟಿನ ಮೇಲಿಟ್ಟೇಬಿಟ್ಟರು.

ಹಿಟ್ನಾಳದ ಹತ್ತಿರ ಕಣ್ಣೆದುರೇ ಒಂದು ಬೈಕು ಜಾರಿಬಿತ್ತು. ಓಡಿಸುತ್ತಿದ್ದ ಗಂಡನಿಗೆ ತರಚುಗಾಯವಷ್ಟೇ; ಹಿಂದೆ ಕೂತಿದ್ದ ಹೆಂಡತಿಯ ಮೊಣಕಾಲ ಕೆಳಗೆ ಸೀಳಿ ರಕ್ತ ಸುರಿಯುತ್ತಿತ್ತು. ಕಾರು ನಿಲ್ಲಿಸಿ ಓಡಿದೆ. ಡಬ್ಬಿ ತೆರೆದು, ಗಾಯವನ್ನು ಒತ್ತಿ ಹಿಡಿದು, ಬಿಗಿಯಾಗಿ ಕಟ್ಟಿ, ಆಕೆಯನ್ನು ಕೊಪ್ಪಳದ ಆಸ್ಪತ್ರೆಗೆ ಕರೆತಂದೆ.

“ಕಟ್ಟಿದ್ದು ಭಾಳ ಛಲೋ ಆತು, ಇಲ್ಲಂದ್ರ ರಕ್ತ ನಿಲ್ತಿರಲಿಲ್ಲ” ಎಂದರು ಡಾಕ್ಟರು.

ಕೆಲವು ವಾರಗಳ ನಂತರ ಆಕೆ ಗಂಡನೊಂದಿಗೆ ನಮ್ಮ ಮನೆ ಹುಡುಕಿಕೊಂಡು ಬಂದು ಕೈಮುಗಿದಳು. ನಾನು ಇಬ್ಬರನ್ನೂ ಮಗ್ಗುಲ ಮನೆಗೆ ಕರೆದೊಯ್ದು, “ಡಬ್ಬಿ ಕಟ್ಟಿಕೊಟ್ಟವ್ರು ಇವ್ರ ನೋಡ್ರಿ” ಎಂದೆ.

ಚಿಗವ್ವ ನೆಲಕ್ಕೆ ಕೂತು, ಆಕೆ ಬೇಡ ಬೇಡವೆಂದರೂ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಮಾಯ್ದ ಕಲೆಯ ಮೇಲೆ ಬೆರಳಾಡಿಸಿದರು.

“ನಡಿಯಾಕ ಬರ್ತೈತಲ್ಲವ್ವಾ?”

“ಬರ್ತೈತ್ರಿ. ಮೊನ್ನಿಯಿಂದ ಹೊಲಕ್ಕೂ ಹೊಂಟೀನಿ.”

ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾ ಇಡಲು ಎದ್ದರು.