ದುಂಬಿಯ ಗುನುಗು

ನನ್ನ ಅಕ್ಕನ ಕಿರಿಮಗಳನ್ನು ನಮ್ಮ ದ್ವೀಪದಲ್ಲಿ ಎಲ್ಲರೂ ದುಂಬಿ ಎಂದೇ ಕರೆಯುತ್ತಾರೆ. ರಜೆ ಕಳೆಯಲು ಬಂದ ಅತಿಥಿಗಳ ಬಾಯಲ್ಲೂ ಮಾರನೇ ದಿನದಿಂದ ಅದೇ ಹೆಸರು. ಹವಳದ ದಿಬ್ಬ ನೋಡಬೇಕೆನ್ನುವವರನ್ನು ಸಮುದ್ರಕ್ಕಿಳಿಸಿ, ಕೈಹಿಡಿದು ತೇಲಿಸಿಕೊಂಡು ಹೋಗಿ, ತೋರಿಸಿ, ಇದ್ದ ಹಾಗೆ ವಾಪಸು ತರುವುದು ಅವಳ ಕೆಲಸ. ದೋಣಿ ಓಡಿಸುವುದು ನನ್ನದು. ಹೊಗಳಿಕೆಯೆಲ್ಲ ಅವಳಿಗೆ, ಡೀಸೆಲ್ ವಾಸನೆಯೆಲ್ಲ ನನಗೆ.

ಅತಿಥಿಗಳ ಮೇಲೆ ನನಗೇನೂ ಅಂಥ ಅಕ್ಕರೆಯಿಲ್ಲ. ಮೂಗಿಗೆ ಬಿಳಿ ಮುಲಾಮು ಮೆತ್ತಿಕೊಂಡು ದೋಣಿ ಹತ್ತುತ್ತಾರೆ. ದಡ ಕಾಣುವಷ್ಟು ಹೊತ್ತೂ ಹುಲಿಗಳು. ದಿಬ್ಬದ ಹತ್ತಿರ ನಾನು ಎಂಜಿನ್ ಆರಿಸಿದೆನೋ, ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಮತ್ತೆ ಮತ್ತೆ ಎಳೆದು ನೋಡಿಕೊಳ್ಳುತ್ತಾರೆ. "ಇಲ್ಲಿ ಕಚ್ಚೋ ಮೀನು ಇದ್ಯಾ?" ಎಂದು ನನ್ನನ್ನು ಕೇಳುತ್ತಾರೆ. "ಇದೆ, ಆದ್ರೆ ಅದರ ಊಟದ ಹೊತ್ತು ಇನ್ನೂ ಆಗಿಲ್ಲ" ಎನ್ನುತ್ತೇನೆ ನಾನು. ದುಂಬಿ ನನ್ನನ್ನು ದುರುಗುಟ್ಟಿ ನೋಡಿ, ಅವರ ಪಕ್ಕದಲ್ಲಿ ಹೋಗಿ ಕೂರುತ್ತಾಳೆ.

"ಈ ಪೈಪು ಬಾಯಲ್ಲಿ ಕಚ್ಕೊಳ್ಳಿ. ಮುಖ ನೀರಲ್ಲಿಡಿ. ಆಮೇಲೆ ಗುನುಗ್ತಾ ಇರಿ, ಯಾವ ರಾಗ ಆದ್ರೂ ಪರವಾಗಿಲ್ಲ. ನಾನೂ ಗುನುಗ್ತೀನಿ. ನಿಮ್ದು ನಿಂತ್ರೆ ನಾನು ನಿಮ್ಮನ್ನ ಮೇಲೆತ್ತೀನಿ. ನಂದು ನಿಂತ್ರೆ ನೀವು ನನ್ನನ್ನ ಎತ್ತಿ."

ಕೊನೆಯ ಮಾತಿಗೆ ಎಲ್ಲರೂ ನಗುತ್ತಾರೆ. ನಕ್ಕ ಮೇಲೆ ಅರ್ಧ ಭಯ ಹೋಗಿರುತ್ತದೆ. ಉಳಿದರ್ಧವನ್ನು ಗುನುಗು ನೋಡಿಕೊಳ್ಳುತ್ತದೆ, ಏಕೆಂದರೆ ಹೆದರಿದವರು ಉಸಿರು ಬಿಗಿಹಿಡಿಯುತ್ತಾರೆ, ಗುನುಗುತ್ತಾ ಇದ್ದರೆ ಉಸಿರು ಹಿಡಿಯಲು ಆಗುವುದಿಲ್ಲ. ಈ ಉಪಾಯವನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ದೋಣಿಯಲ್ಲಿ ಕೂತ ನನಗೆ ನೀರಿನ ಮೇಲೆ ನಿಂತ ಪೈಪುಗಳ ತುದಿಯಿಂದ ಗುಂಯ್ ಗುಂಯ್ ಎನ್ನುವ ಸದ್ದು ಕೇಳುತ್ತಿರುತ್ತದೆ. ದುಂಬಿ ಎಂದು ಹೆಸರಿಟ್ಟವನು ನಾನೇ.

ಅವಳ ತಾಯಿ, ಎಂದರೆ ನನ್ನ ಅಕ್ಕ, ಈ ಅತಿಥಿಗಳು ಇಳಿದುಕೊಳ್ಳುವ ಅತಿಥಿಗೃಹದ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಹಿತ್ತಲಿನಲ್ಲಿ ಸಿಮೆಂಟಿನ ಮೂರು ತೊಟ್ಟಿ, ಒಂದರಲ್ಲಿ ಸೋಪು, ಒಂದರಲ್ಲಿ ನೀಲಿ, ಒಂದರಲ್ಲಿ ಬರೀ ನೀರು. ತಾರಸಿಯ ಮೇಲೆ ಒಣಹಾಕುವ ತಂತಿಗಳು. ಮದುವೆಯಾದ ಹೊಸದರಲ್ಲಿ ಅಕ್ಕ ಹಾಡಿಕೊಂಡೇ ಒಗೆಯುತ್ತಿದ್ದಳು. ದುಂಬಿ ಅಂಬೆಗಾಲಿಡುವಾಗ ನಮ್ಮ ಭಾವ ಮೀನಿಗೆಂದು ಹೋದವನು ವಾಪಸು ಬರಲಿಲ್ಲ. ಅಂದಿನಿಂದ ಅಕ್ಕನ ಹಾಡು ನಿಂತಿತು. ಸಮುದ್ರಕ್ಕೆ ಬೆರಳನ್ನೂ ತಾಗಿಸಲಿಲ್ಲ. ದ್ವೀಪದಲ್ಲಿ ಹುಟ್ಟಿ ಬೆಳೆದು, ಜನ ಎಲ್ಲೆಲ್ಲಿಂದಲೋ ಬಂದು ನೋಡುವ ಹವಳವನ್ನು ಒಮ್ಮೆಯೂ ನೋಡದೆ ಇದ್ದವಳು ಅವಳೊಬ್ಬಳೇ ಇರಬೇಕು.

ಅಂಥವಳ ಹೊಟ್ಟೆಯಲ್ಲಿ ಹುಟ್ಟಿದವಳು ದಿನವಿಡೀ ನೀರಲ್ಲೇ ಬಿದ್ದಿರುತ್ತಾಳೆ. ಮೊದಮೊದಲು ಅಕ್ಕ ರಂಪ ಮಾಡಿದಳು, ಮಾತು ಬಿಟ್ಟಳು, ನನಗೂ ಸಹಸ್ರನಾಮ ಆಯಿತು. ಆಮೇಲೆ ಸುಮ್ಮನಾದಳು. ಆದರೆ ದೋಣಿ ವಾಪಸಾಗುವ ಹೊತ್ತಿಗೆ ಬಟ್ಟೆ ತೆಗೆಯುವ ನೆಪದಲ್ಲಿ ತಾರಸಿಗೆ ಹೋಗಿ ನಿಲ್ಲುತ್ತಿದ್ದಳು. ದೋಣಿಯಲ್ಲಿ ಮಗಳ ತಲೆ ಕಂಡ ಮೇಲೆಯೇ ಕೆಳಗಿಳಿಯುವುದು. ಆ ನೆಪಕ್ಕಾಗಿ ಎಷ್ಟೋ ಸಲ ಹಸಿ ಬಟ್ಟೆಯನ್ನೇ ಮಡಚಿ ತಂದು ಬೈಸಿಕೊಂಡಿದ್ದಾಳೆ.

ಈ ವರ್ಷ ಅಕ್ಕನ ಮಂಡಿ ಕೈಕೊಟ್ಟಿತು. ಆಚೆ ದಡದ ಪಟ್ಟಣದಲ್ಲಿರುವ ಹಿರಿಮಗಳು ಬಾಣಂತಿ. "ಬಂದ್ಬಿಡಮ್ಮ, ನನ್ನ ಜೊತೆ ಇರು" ಎಂದಳು. ಅಕ್ಕ ಒಪ್ಪಿಕೊಂಡಳು. ಸಂಜೆ ದೋಣಿ ಕಟ್ಟುವಾಗ ದುಂಬಿ ನನ್ನ ಹತ್ತಿರ ಬಂದು ನಿಂತಳು.

"ಮಾವ, ಅಲ್ಲಿ ಅಮ್ಮನಿಗೆ ತಾರಸಿ ಇಲ್ಲ."

"ಇಲ್ಲದಿದ್ರೆ ಬೇಡ. ಒಗೆಯೋದೂ ತಪ್ಪಿತಲ್ಲ."

"ಅದಲ್ಲ. ಇಲ್ಲಿ ನನ್ನ ತಲೆ ನೋಡಿ ಸಮಾಧಾನ ಮಾಡ್ಕೋತಾಳೆ. ಅಲ್ಲಿ ಏನು ನೋಡ್ತಾಳೆ? ದಿನಾ ಹೆದರಿ ಸಾಯ್ತಾಳೆ ಮಾವ. ಹೋಗೋ ಮೊದಲು ಒಂದೇ ಒಂದ್ಸಲ ನನ್ನ ಜೊತೆ ನೀರಿಗೆ ಇಳೀಲಿ. ನಾನು ಎಲ್ಲಿರ್ತೀನಿ ಅಂತ ನೋಡಿಬಿಡಲಿ."

ಅಕ್ಕನಿಗೆ ಹೇಳಿದೆ. ಕೈಯಲ್ಲಿದ್ದ ಒದ್ದೆ ದಿಂಬಿನ ಚೀಲವನ್ನು ನನ್ನ ಮುಖಕ್ಕೇ ಎಸೆದಳು. ದುಂಬಿ ಕೇಳಿದಳು, ಅತ್ತಳು, ಜಗಳವಾಡಿದಳು. ಅಕ್ಕ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಕೊನೆಗೆ ಅವಳನ್ನು ಬಗ್ಗಿಸಿದ್ದು ಒಬ್ಬ ಮುದುಕಿ ಅತಿಥಿ. ಊರಿಗೆ ಹೊರಡುವ ಮುಂಚೆ ಹಿತ್ತಲಿಗೆ ಬಂದು ಅಕ್ಕನ ಸೋಪು ಮೆತ್ತಿದ ಕೈಯನ್ನೇ ಹಿಡಿದುಕೊಂಡು, ನಿಮ್ಮ ಮಗಳ ಕೈ ಎಷ್ಟು ಗಟ್ಟಿ, ಕೆಳಗೆ ಏನೇನಿದೆ, ಅವಳು ಹೇಗೆ ತೋರಿಸಿದಳು ಎಂದೆಲ್ಲ ವರ್ಣಿಸಿ ಹೋದಳಂತೆ. ಅಂದು ಅಕ್ಕ ಉರಿಮುಖ ಮಾಡಿಕೊಂಡು ದೋಣಿಯ ಹತ್ತಿರ ಬಂದಳು.

"ನನ್ನ ಮಗಳು ಏನು ಕೆಲಸ ಮಾಡ್ತಾಳೆ ಅಂತ ಎಲ್ಲಿಂದಲೋ ಬಂದವಳು ನನಗೆ ಹೇಳ್ಬೇಕಾ? ನಾಳೆ ನನ್ನನ್ನ ಕರ್ಕೊಂಡು ಹೋಗು."

ಮರುದಿನ ಬೆಳಿಗ್ಗೆ ನಾವು ಮೂವರೇ. ಲೈಫ್ ಜಾಕೆಟ್ ತೊಟ್ಟು, ಮುಖಕ್ಕೆ ಮಾಸ್ಕು ಬಿಗಿಸಿಕೊಂಡ ಅಕ್ಕನನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. "ಹಲ್ಲು ಕಿರಿದ್ರೆ ನಿನ್ನನ್ನೇ ತಳ್ತೀನಿ" ಎಂದಳು. ಆದರೆ ದೋಣಿಯ ಅಂಚನ್ನು ಮಾತ್ರ ಬಿಡಲಿಲ್ಲ. ದುಂಬಿ ಎಲ್ಲ ಅತಿಥಿಗಳಿಗೆ ಹೇಳುವುದನ್ನೇ ಅವಳಿಗೂ ಹೇಳಿದಳು. ಅಕ್ಕ ಮಾತ್ರ ಕೊನೆಯ ಮಾತಿಗೆ ನಗಲಿಲ್ಲ.

"ನನಗೆ ಯಾವ ರಾಗಾನೂ ಬರಲ್ಲ ಕಣೇ. ಎಲ್ಲಾ ಮರ್ತುಹೋಯ್ತು."

"ಸುಮ್ನೆ ಹ್ಞೂಂ ಅನ್ನು ಸಾಕು."

ಇಳಿದರು. ಮಗಳ ಗುನುಗು ಎಂದಿನಂತೆ ಎದ್ದಿತು. ಅದರ ಪಕ್ಕದಲ್ಲಿ ಒಂದು ಒರಟು ಹ್ಞೂಂ, ತಡೆದು ತಡೆದು. ಕೈ ಕೈ ಹಿಡಿದ ಎರಡು ಬೆನ್ನುಗಳು ಮೆಲ್ಲಗೆ ದಿಬ್ಬದ ಮೇಲಕ್ಕೆ ತೇಲಿಹೋದವು. ನಾನು ಹುಟ್ಟು ಹಾಕುತ್ತಾ ಹಿಂದೆಯೇ ಹೋದೆ. ಸ್ವಲ್ಪ ಹೊತ್ತಿನಲ್ಲಿ ಆ ಹ್ಞೂಂ ಏರತೊಡಗಿತು, ಇಳಿಯತೊಡಗಿತು. ನನ್ನ ಕೈ ನಿಂತುಹೋಯಿತು. ತೊಟ್ಟಿಯ ಪಕ್ಕದಲ್ಲಿ ಜೋಲಿ ಕಟ್ಟಿ, ಒಂದು ಕಾಲಿನಿಂದ ತೂಗುತ್ತಾ, ಬಟ್ಟೆ ಕುಕ್ಕುತ್ತಾ ಅಕ್ಕ ದುಂಬಿಗೆ ಹಾಡುತ್ತಿದ್ದ ಜೋಗುಳ ಅದು. ಅಷ್ಟು ವರ್ಷ ಅದು ಎಲ್ಲಿತ್ತೋ. ನನ್ನ ಕಣ್ಣು ತುಂಬಿಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆಗ ದುಂಬಿಯ ಗುನುಗು ನಿಂತಿತು.

ಮರುಕ್ಷಣವೇ ನೀರು ಚಿಮ್ಮಿತು. ಈಜು ಬಾರದ ಅಕ್ಕ, ಸಮುದ್ರವೆಂದರೆ ಸಾಯುವಷ್ಟು ಹೆದರುವ ಅಕ್ಕ, ಮಗಳ ಜಾಕೆಟ್ಟಿನ ಕೊರಳಪಟ್ಟಿ ಹಿಡಿದು, ಎರಡೂ ಕೈಯಿಂದ ಅವಳ ತಲೆಯನ್ನು ಮೇಲೆತ್ತಿದ್ದಳು. ತನ್ನ ಪೈಪನ್ನು ಉಗುಳಿ, ಉಪ್ಪುನೀರು ಕುಡಿದು ಕೆಮ್ಮುತ್ತಾ ಕೂಗುತ್ತಿದ್ದಳು.

"ಏನಾಯ್ತೇ? ಏನಾಯ್ತು? ಯಾಕೆ ನಿಲ್ಲಿಸ್ದೆ?"

ದುಂಬಿಯ ಮಾಸ್ಕಿನೊಳಗೆ ಕಣ್ಣೀರು ನಿಂತಿತ್ತು. "ಏನಿಲ್ಲಮ್ಮ. ಅಳು ಬಂತು."

"ಅಳೋದಿದ್ರೆ ಮೇಲೆ ಬಂದು ಅಳು! ನಿಂತ್ರೆ ಎತ್ತು ಅಂದವಳು ನೀನೇ ಅಲ್ವಾ?" ಎಂದು ಬೈದು, ಅಲ್ಲಿಯೇ ಅಲೆಗಳ ಮೇಲೆ ಅವಳನ್ನು ಅಪ್ಪಿಕೊಂಡಳು. ನಾನು ದೋಣಿ ಹತ್ತಿರ ತಂದೆ. ಅಕ್ಕ ಹತ್ತಲಿಲ್ಲ. ಪೈಪು ತೊಳೆದು ಮತ್ತೆ ಬಾಯಿಗಿಟ್ಟುಕೊಂಡಳು. "ಆ ನೇರಳೆ ಬಣ್ಣದ್ದು ಇನ್ನೂ ಸರಿಯಾಗಿ ನೋಡಿಲ್ಲ. ಅಷ್ಟು ಬಣ್ಣ ಒಟ್ಟಿಗೆ ನೆನೆಹಾಕಿದ್ರೂ ಒಂದಕ್ಕೊಂದು ಹತ್ತಿಲ್ಲವಲ್ಲ!" ಎಂದಳು. ಬಟ್ಟೆ ಒಗೆದವಳಿಗೆ ಅದಕ್ಕಿಂತ ದೊಡ್ಡ ಬೆರಗು ಯಾವುದಿದೆ?

ಮುಂದಿನ ವಾರ ಅಕ್ಕ ಪಟ್ಟಣಕ್ಕೆ ಹೋದಳು. ಈಗ ಸಂಜೆ ನಾನು ದೋಣಿ ಕಟ್ಟುವ ಹೊತ್ತಿಗೆ ದುಂಬಿಯ ಫೋನು ಬಡಿದುಕೊಳ್ಳುತ್ತದೆ. ಊಟ ಆಯ್ತಾ, ಮಗು ಹೇಗಿದೆ, ಮಂಡಿ ಹೇಗಿದೆ, ಅವೆಲ್ಲ ಆಮೇಲೆ. ಅತ್ತಲಿಂದ ಮೊದಲು ಬರುವುದು ಒಂದೇ ಮಾತು.

"ಎಲ್ಲಿ, ಗುನುಗು."

ಮೈಯಿಂದ ಇನ್ನೂ ನೀರು ಸೋರುತ್ತಿದ್ದರೂ ನನ್ನ ಅಕ್ಕನ ಮಗಳು ದಡದಲ್ಲಿ ನಿಂತು, ಫೋನಿಗೆ ಬಾಯಿಟ್ಟು, ಸಾಕು ಅನ್ನುವವರೆಗೂ ಗುನುಗುತ್ತಾಳೆ.