ಗೋವಿನಜೋಳದ ಹೊಲದಲ್ಲಿದ್ದ ಎರಡನೇ ಡಿಸ್ಕು

ಆ ಭಾನುವಾರ ಊಟದ ಹೊತ್ತಿನೊಳಗೆ ನಾನು ಮಾಡಿದ ಕೆಲಸ ಇಷ್ಟು. ಐದೂವರೆಗೆ ನಳ ಬಂತು, ಒಂದು ಹಂಡೆ, ನಾಲ್ಕು ಕೊಡ ತುಂಬಿಸಿದೆ. ಮನೆಯವರಿಗೆ ವಾರದ ರಜೆ, ಹಾಗಾಗಿ ಡಬ್ಬಿ ಕಟ್ಟುವುದಿರಲಿಲ್ಲ. ಮಡಿಕೆಕಾಳು ಮೊಳಕೆ ಒಡೆದಿದ್ದವು, ಗಂಟು ಬಿಚ್ಚಿ ಬುಟ್ಟಿಗೆ ಸುರಿದೆ. ಮಾವನವರ ಎರಡು ಧೋತರ, ಅತ್ತೆಯ ಸೀರೆ ಒಗೆದು ಹಿತ್ತಲ ತಂತಿಗೆ ಹಾಕಿದೆ. ಶೇಂಗಾ ಹುರಿದು ಸಿಪ್ಪೆ ಕೇರಿದೆ. ದೇವರ ಮುಂದಿನ ಸಮೆ ದೀಪ ತಿಕ್ಕಿದೆ. ಒಂದು ಡಿಸ್ಕ್ ತೊಳೆದೆ.

ಡಿಸ್ಕ್ ತೊಳೆದದ್ದು ಹೀಗೆ. ನಡುವಿನ ತೂತಿಗೆ ಕಟ್ಟಿದ್ದ ಸುತಳಿಯನ್ನು ಬ್ಲೇಡಿನಿಂದ ಕೊಯ್ದು ತೆಗೆದೆ. ಅಂಗೈಯಲ್ಲಿ ಸಾಬೂನಿನ ನೊರೆ ಮಾಡಿಕೊಂಡು, ಕೂಸಿನ ಬೆನ್ನು ತೊಳೆಯುವ ಹಾಗೆ ಎರಡೂ ಕಡೆ ಮೆಲ್ಲಗೆ ಸವರಿದೆ. ಒಂದು ಕಡೆ ಹಕ್ಕಿ ಹೇತ ಗುರುತಿತ್ತು, ಅದು ಹೋಗಲು ಹೊತ್ತು ಹಿಡಿಯಿತು. ಆಮೇಲೆ ಹಳೇ ಧೋತರದ ಚೂರಿನಲ್ಲಿ ಒರೆಸಿ ತುಳಸಿಕಟ್ಟೆಯ ನೆರಳಿಗೆ ಒಣಗಲು ಇಟ್ಟೆ.

ಸಿನಿಮಾ ಡಿಸ್ಕಿಗೆ ಸುತಳಿ ಯಾಕೆ ಬಂತು, ಹಕ್ಕಿ ಯಾಕೆ ಬಂತು ಅಂತ ಹೇಳಬೇಕಾದರೆ ಮಾವನವರ ಬಿದಿರಿನಿಂದ ಶುರು ಮಾಡಬೇಕು.

ಮಾವನವರು ಧಾರವಾಡದ ಕಡೆಯ ಹಳ್ಳಿಯಿಂದ ದಾಂಡೇಲಿಗೆ ಬಂದು, ಕಾಗದದ ಮಿಲ್ಲಿನ ಬಿದಿರು ಯಾರ್ಡಿನಲ್ಲಿ ಇಡೀ ಆಯುಷ್ಯ ದುಡಿದು ರಿಟೈರ್ ಆದವರು. ಬಿದಿರಿನ ಗಳ ಕಂಡರೆ ಸಾಕು, ಅದು ಯಾವ ತಿಂಗಳಲ್ಲಿ ಕಡಿದದ್ದು ಅಂತ ಹೇಳುತ್ತಿದ್ದರು. ಅವರು ರಿಟೈರ್ ಆದ ಮರುವರ್ಷ ಕೋಗಿಲಬನದ ಹತ್ತಿರ ನದಿ ದಂಡೆಗೆ ಸಿನಿಮಾದವರು ಬಂದರು. ಹೀರೋ ಬಿದಿರಿನ ತೆಪ್ಪದ ಮೇಲೆ ನಿಂತು ನದಿ ದಾಟಬೇಕಾಗಿತ್ತಂತೆ. ತೆಪ್ಪ ಕಟ್ಟಿಕೊಡಲು ಮಾವನವರನ್ನು ಕರೆದುಕೊಂಡು ಹೋದರು. ಮೂರನೇ ದಿನ ಸಂಜೆ ಬಂದವರೇ ಕಾಲು ತೊಳೆಯುವುದನ್ನೂ ಮರೆತು ಪಡಸಾಲೆಯಲ್ಲಿ ನಿಂತು ಹೇಳಿದರು.

"ಇವತ್ತ ನನ್ನ ಮುಂದ ಕ್ಯಾಮೆರಾ ಇಟ್ಟು ಕೇಳಿದ್ರು, ಅಜ್ಜಾರ, ಇದನ್ನ ಹೆಂಗ ಕಟ್ತೀರಿ ಅಂತ. ನಾ ಎಲ್ಲಾ ಹೇಳಿದ್ನಿ. ಕಾಲ ತಾಸು ಹೇಳಿದ್ನಿ."

ಅತ್ತೆ ಒಲೆ ಮುಂದಿನಿಂದ ಏಳದೆಯೇ, "ಕಾಲ ತಾಸ? ನನ್ನ ಕೂಡ ಕಾಲ ತಾಸ ಮಾತಾಡಿ ಎಷ್ಟ ವರ್ಷ ಆತು?" ಅಂದರು.

ಸಿನಿಮಾ ಬಂತು. ನಮ್ಮ ಕ್ವಾರ್ಟರ್ಸ್ ಸಾಲಿನವರೆಲ್ಲ ಟಾಕೀಸಿಗೆ ಹೋದೆವು. ತೆಪ್ಪ ಕಂಡಿತು, ರೊಟ್ಟಿ ತಿರುವಿ ಹಾಕುವಷ್ಟು ಹೊತ್ತು. ಅದರ ಮೇಲೆ ಹೀರೋ ಇದ್ದ. ಮಾವನವರು ಎಲ್ಲೂ ಇರಲಿಲ್ಲ. ಮರುದಿನ ಅವರು ಸಂಜೆ ಚಹಾಕ್ಕೆ ಹೋಗುವ ಹೋಟೆಲ್ಲಿನಲ್ಲಿ ಹಳೇ ಯಾರ್ಡಿನ ಮಂದಿ ಕಾಯುತ್ತಾ ಕೂತಿದ್ದರಂತೆ.

"ಬರ್ರಿ ಹೀರೋ ಬರ್ರಿ. ನೀವು ತೆಪ್ಪದ ಕೆಳಗ ಕುಂತಿದ್ರೇನು? ನೀರಾಗ ಕಾಣಲಿಲ್ಲ ನಮಗ."

ಮೊದಮೊದಲು ಮಾವನವರೂ ನಕ್ಕರು. ಆಮೇಲೆ ನಗಲಿಲ್ಲ. ಸುಳ್ಳು ಹೇಳಿದವನ ಹಾಗೆ ಆಯಿತಲ್ಲ ಅನ್ನುವುದೇ ಅವರನ್ನು ಕೊರೆಯುತ್ತಿತ್ತು. ಒಂದು ದಿನ ಚಹಾ ಮನೆಯಲ್ಲೇ ಮಾಡು ಅಂದರು, ಮಾಡಿದೆ. ಮರುದಿನವೂ ಮಾಡಿದೆ. ಅವರ ಚಪ್ಪಲಿ ಬಾಗಿಲ ಹಿಂದೆ ಇಟ್ಟಲ್ಲೇ ಇರುತ್ತಿದ್ದವು. ಕಸ ಗುಡಿಸುವಾಗ ನಾನೇ ಸರಿಸಿ, ನಾನೇ ಮತ್ತೆ ಇಡುತ್ತಿದ್ದೆ. ಹೀಗೆ ಎರಡು ವರ್ಷದ ಮೇಲಾಯಿತು.

ಆಮೇಲೆ ಬೆಳಗಾವಿಯಿಂದ ನಾದಿನಿಯ ಫೋನ್ ಬಂತು.

"ವೈನಿ, ಅಪ್ಪನ್ನ ನೋಡಿದ್ನಿ ಟೀವ್ಯಾಗ. ಬಾಜೂ ಮನಿಯವ್ರು ಆ ಪಿಚ್ಚರಿನ ಡಿಸ್ಕ್ ಹಚ್ಚಿದ್ರು. ಪಿಚ್ಚರ್ ಅಲ್ಲ, ಪಿಚ್ಚರ್ ಹೆಂಗ ತಗದ್ರು ಅಂತ ಬ್ಯಾರೆ ತೋರಸ್ತಾರ, ಅದರಾಗ. ಅಪ್ಪ ಬಿದರ ಕಟ್ಟಾಕತ್ತಿದ್ದ."

"ಖರೇ ಅಪ್ಪಾರ ಏನ್?"

"ಹಂಗ ಅನಸ್ತು ವೈನಿ. ನಾ ಬಾಗಲದಾಗ ನಿಂತ ನೋಡಿದ್ದು."

ಆ ಬಾಜೂ ಮನೆಯವರು ಮಿಲಿಟರಿಯವರು. ಡಿಸ್ಕ್ ಕೇಳೋಣ ಅನ್ನುವಷ್ಟರಲ್ಲಿ ವರ್ಗವಾಗಿ ಗಂಟುಮೂಟೆ ಕಟ್ಟಿಕೊಂಡು ಹೋಗಿಬಿಟ್ಟಿದ್ದರು.

ನಮ್ಮ ಮನೆಗೆ ಆಗಷ್ಟೇ ಡಿವಿಡಿ ಪ್ಲೇಯರ್ ಬಂದಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಡಿಸ್ಕ್ ಬಾಡಿಗೆ ಕೊಡುವ ಅಂಗಡಿ ಇತ್ತು. ನಾನು ಹೋಗಿ ಆ ಸಿನಿಮಾ ಕೇಳಿದೆ. ಕಾಗದದ ಚೀಲದಲ್ಲಿ ಎರಡು ವಿಸಿಡಿ ಕೊಟ್ಟ. ನಾಲ್ಕೂ ಮಂದಿ ಕೂತು ಪೂರ್ತಿ ನೋಡಿದೆವು. ಮೊದಲನೆಯದರಲ್ಲಿ ಅರ್ಧ ಕತೆ, ಎರಡನೆಯದರಲ್ಲಿ ಉಳಿದರ್ಧ. ಕೊನೆಗೆ ಹೆಸರುಗಳು ಬಂದವು, ಹೋದವು. ಪರದೆ ನೀಲಿಯಾಯಿತು. ಆಮೇಲೆ ಏನಾದರೂ ಬಂದೀತು ಅಂತ ನೀಲಿ ಪರದೆಯನ್ನೇ ಸ್ವಲ್ಪ ಹೊತ್ತು ನೋಡಿದೆವು.

"ಇದರಾಗೂ ಇಲ್ಲೇನ ನಿಮ್ಮ ಕಾಲ ತಾಸು?" ಅಂದರು ಅತ್ತೆ. ಮಾವನವರು ಎದ್ದು ಹಿತ್ತಲಿಗೆ ಹೋದರು.

ಅಂಗಡಿಯವನಿಗೆ ಹೇಳಿದರೆ, "ಪಿಚ್ಚರ್ ಪೂರಾ ಐತಿಲ್ರಿ ಅಕ್ಕಾರ? ಕಡೀಕ ಹೆಸರು ಬಂದ್ವಿಲ್ಲ? ಮತ್ತೇನ ಬೇಕು?" ಅಂದ. ಏನು ಬೇಕು ಅನ್ನುವುದನ್ನು ಹೇಗೆ ಹೇಳುವುದು ಅಂತ ನನಗೂ ತಿಳಿಯಲಿಲ್ಲ. ಪಿಚ್ಚರಿನ ಹೊರಗಿನದು ಬೇಕು ಅಂದೆ. ಅವನು ಡಿವಿಡಿ ಕೊಟ್ಟ, ಒಂದೇ ಡಿಸ್ಕು. ಅದರಲ್ಲೂ ಕತೆ ಇತ್ತು, ಅಷ್ಟೇ. ನಮ್ಮ ಮನೆಯವರು ಹುಬ್ಬಳ್ಳಿಗೆ ಹೋದಾಗ ಬೀದಿ ಬದಿಯಲ್ಲಿ ಒಂದು ಕೊಂಡು ತಂದರು. ಅದರಲ್ಲಿ ಇದೂ ಸೇರಿ ನಾಲ್ಕು ಸಿನಿಮಾ ಇದ್ದವು, ಹೀರೋ ಸೈತ ಮಸುಕು. ಮೂರು ಸಿನಿಮಾ ಕೇಳದೆ ಕೊಟ್ಟವರು, ನಮಗೆ ಬೇಕಾದ ಒಂದು ಚೂರನ್ನು ಯಾಕೆ ಬಿಟ್ಟರೋ.

ಮೂರನೇ ಸಲ ಅಂಗಡಿಗೆ ಹೋದಾಗ ಗೋಡೆಗೆ ಜೋಡಿಸಿದ್ದ ಖಾಲಿ ಡಬ್ಬಿಗಳ ಸಾಲಿನಲ್ಲಿ ಆ ಸಿನಿಮಾದ ಡಬ್ಬಿ ಕಂಡಿತು. ಡಿಸ್ಕ್ ಮಾತ್ರ ಕೊಡುವುದು, ಡಬ್ಬಿ ಗೋಡೆಗೆ ಇಡುವುದು ಅವರ ರೀತಿ. ಇಳಿಸಿ ಕೊಡಲು ಹೇಳಿದೆ. ಹಿಂದೆ ಇಂಗ್ಲಿಷಿನಲ್ಲಿ ಸಣ್ಣಗೆ ಬರೆದಿತ್ತು. ನಾನು ಎಸ್ಸೆಸ್ಸೆಲ್ಸಿ ಓದಿದವಳು, ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ತೆಗೆದುಹಾಕಿದ ಸೀನುಗಳು, ಸಿನಿಮಾ ತೆಗೆದ ಬಗೆ, ನಟರ ಮಾತು. ತೆರೆದು ನೋಡಿದರೆ ಒಳಗೆ ಡಿಸ್ಕ್ ಕೂರಿಸುವ ಜಾಗ ಎರಡು.

"ಅಣ್ಣಾರ, ಇದರಾಗ ಇನ್ನೊಂದ ಇರಬೇಕಲ್ಲ?"

"ಇತ್ತರಿ. ಅದರಾಗ ಪಿಚ್ಚರ್ ಇಲ್ರಿ ಅಕ್ಕಾರ. ಬರೇ ಮಂದಿ ಕುಂತು ಮಾತಾಡ್ತಾರ. ಗಿರಾಕಿ ವಿಸಿಡಿ ರೂಢಿ ಮ್ಯಾಲ ಎರಡ್ನೇದು ಹಚ್ಚೂದು, ಮುಂದಿನ ಕತಿ ಎಲ್ಲಿ ಅಂತ ಬಂದು ನನ್ನ ಕೂಡ ಜಗಳಾ ತಗಿಯೂದು. ಸಾಕಾತು. ಅಂಥಾವು ಯಾವ್ಯಾವ ಅದಾವೋ ಅವನ್ನೆಲ್ಲಾ ತಗದಬಿಟ್ಟೆ."

"ತಗದು?"

"ಹಳಿಯಾಳದ ಹತ್ರ ನಮ್ಮಣ್ಣನ ಹೊಲ ಐತ್ರಿ. ಗೋವಿನಜೋಳಕ್ಕ ಗಿಳಿ ಭಾಳ. ಮಳಿ ನಿಂತ ಮ್ಯಾಲ ಗಿಳಿ ಬೆದರಲಿ ಅಂತ ಕಟ್ಟಾಕ ಒಯ್ದಾರ."

ಅವನ ತಪ್ಪು ಅಂತ ಅನ್ನಿಸಲಿಲ್ಲ. ಸರಿ ಅಂತಲೂ ಅನ್ನಿಸಲಿಲ್ಲ. ಸಿನಿಮಾ ಇಲ್ಲದ ಸಿನಿಮಾ ಡಿಸ್ಕನ್ನು ಅವನಾದರೂ ಏನು ಮಾಡಬೇಕಿತ್ತು?

ಮನೆಯಲ್ಲಿ ಹೇಳಿದೆ. ಮಾವನವರು "ಬ್ಯಾಡ ಬಿಡವಾ" ಅಂದರು. ಅತ್ತೆ ಮಾತ್ರ ಶನಿವಾರ ಬೆಳಿಗ್ಗೆ ನನಗಿಂತ ಮೊದಲು ಸೀರೆ ಬದಲಿಸಿ ಕೂತಿದ್ದರು. "ನೀ ಒಬ್ಬಾಕಿ ಯಾರದೋ ಹೊಲದಾಗ ಹೋಗಿ ನಿಲ್ಲಬ್ಯಾಡ. ನಡಿ."

ಹಳಿಯಾಳಕ್ಕೆ ಬಸ್ಸು, ಅಲ್ಲಿಂದ ಟೆಂಪೋ. ದಾರಿಯುದ್ದಕ್ಕೂ ಅತ್ತೆ ಬಾಯಿ ಮುಚ್ಚಲಿಲ್ಲ. ಗೋವಿನಜೋಳ ತೆನೆ ಕಟ್ಟಿ ನಮ್ಮ ತಲೆಗಿಂತ ಎತ್ತರ ನಿಂತಿತ್ತು. ಅದರ ಮೇಲೆ ಹಗ್ಗ ಎಳೆದು ಡಿಸ್ಕುಗಳನ್ನು ತೂಗುಬಿಟ್ಟಿದ್ದರು, ಗಾಳಿಗೆ ತಿರುಗಿ ಕಣ್ಣಿಗೆ ಹೊಡೆಯುತ್ತಿದ್ದವು. ಅತ್ತೆ ಬದುವಿನ ಮೇಲೆ ಕೂತು ಕಣ್ಣಿಗೆ ಕೈ ಅಡ್ಡ ಹಿಡಿದು, "ಮನೀ ಗಂಡಸನ್ನ ಮಂದಿ ಹೊಲದಾಗ ಹುಡುಕೂ ಕಾಲ ಬಂತ ನೋಡ" ಅಂದರು.

ಅಂಗಡಿಯವನ ಅತ್ತಿಗೆ ಬುತ್ತಿ ಬುಟ್ಟಿ ಇಳಿಸಿ ನಮ್ಮ ಕತೆ ಪೂರಾ ಕೇಳಿದಳು. "ಯಾವದ ಬೇಕೋ ತಗೋರಿ ಅವ್ವಾರ. ಗಿಳಿಗೆ ಯಾವ ಪಿಚ್ಚರ್ ಆದ್ರೇನು? ಆದ್ರ ಹಗ್ಗ ಖಾಲಿ ಬಿಡಬ್ಯಾಡ್ರಿ."

ಒಂದೊಂದನ್ನೇ ಹಿಡಿದು ತಿರುಗಿಸಿ ನೋಡುತ್ತಾ ಹೋದೆ. ಹದಿನೈದು ದಿನದ ಬಿಸಿಲಿಗೆ ಬಣ್ಣ ಹಾರಿಹೋಗಿತ್ತು. ಬದುವಿನ ಕೊನೆಯ ಡಿಸ್ಕಿನಲ್ಲಿ ಡಬ್ಬಿಯ ಮೇಲಿದ್ದದ್ದೇ ಹೀರೋನ ಮುಖ, ಕೆಳಗೆ ಎರಡು ಅನ್ನುವ ಅಂಕಿ. ಹುಬ್ಬಳ್ಳಿಯ ನಾಲ್ಕು ಸಿನಿಮಾದ ಡಿಸ್ಕನ್ನು ಹೊಂದಿಸಿ ನೋಡಲು ಅಂತ ಚೀಲದಲ್ಲಿ ಒಯ್ದಿದ್ದೆ. ಅದನ್ನೇ ಅಲ್ಲಿ ಕಟ್ಟಿ, ಇದನ್ನು ಬಿಚ್ಚಿಕೊಂಡು ಬಂದೆ.

ಮರುದಿನವೇ ನಾನು ಮೊದಲು ಹೇಳಿದ ಭಾನುವಾರ. ಊಟ ಆದ ಮೇಲೆ ನಮ್ಮ ಮನೆಯವರು ತೊಳೆದು ಒಣಗಿಸಿದ ಡಿಸ್ಕನ್ನು ಪ್ಲೇಯರಿಗೆ ಹಾಕಿದರು. ಅದು ಗರಗರ ಅಂದಿತು, ಉಗುಳಿತು. ಮತ್ತೆ ಒರೆಸಿ ಹಾಕಿದರು. ಈ ಸಲ ಒಂದು ಪಟ್ಟಿ ಬಂತು, ಎಲ್ಲಾ ಇಂಗ್ಲಿಷು. ಯಾವುದನ್ನು ಒತ್ತಬೇಕು ಅಂತ ತಿಳಿಯದೆ ಒಂದೊಂದೇ ಒತ್ತಿದೆವು. ಹೀರೋಯಿನ್ ಕುರ್ಚಿಯಲ್ಲಿ ಕೂತು ನಗುತ್ತಾ ಮಾತಾಡಿದಳು. ಚಿತ್ರ ನಿಂತಿತು, ಚೌಕ ಚೌಕವಾಗಿ ಒಡೆಯಿತು, ಮುಂದೆ ಹಾರಿತು. ಆಮೇಲೆ ನದಿ ಬಂತು.

ನದಿ ದಂಡೆಯಲ್ಲಿ ಖಾಕಿ ಅಂಗಿಯ ಒಬ್ಬ ಮುದುಕ ಬಗ್ಗಿ ಬಿದಿರು ಕಟ್ಟುತ್ತಿದ್ದ. ಬೆನ್ನು ಈ ಕಡೆ. ತಲೆಗೆ ಟವೆಲ್ಲು. ಒಂದು ಸಲ ಮುಖ ಅರ್ಧ ತಿರುಗಿಸಿದ, ಬಾಯಿ ಅಲ್ಲಾಡಿತು. ಮಾತು ಮಾತ್ರ ಕೇಳಲಿಲ್ಲ, ಮಾತಿನ ಮೇಲೆ ಹಾಡು ಹಚ್ಚಿದ್ದರು.

ನಾವು ಮೂವರೂ ಮಾವನವರ ಮುಖ ನೋಡಿದೆವು. ಅವರು ಟೀವಿಯನ್ನೇ ನೋಡುತ್ತಿದ್ದರು.

"ನಾ ಇಷ್ಟ ಬಗ್ಗೇನೇನ?" ಅಂದರು. ಆಮೇಲೆ, "ಇಂವ ನಾನಲ್ಲ ಬಿಡ್ರಿ. ಯಾರೋ ಮುದುಕ."

"ಅಪ್ಪಾ, ಬಿದರ ಕಟ್ಟಾಕ ನಿಮ್ಮನ್ನ ಬಿಟ್ಟು ಮತ್ಯಾರ ಹೋಗಿದ್ರು?" ಅಂದರು ನಮ್ಮ ಮನೆಯವರು.

"ಇನ್ನಿಬ್ಬರಿದ್ರು. ನನ್ನ ಮುಖಕ್ಕ ಕ್ಯಾಮೆರಾ ಹಿಡದಿದ್ರು. ನಾ ಮಾತಾಡಿದ್ದೆ. ಇಂವ ಮಾತ ಆಡವಲ್ಲ."

ಇಷ್ಟು ವರ್ಷ ನಾನೇ ನಾನೇ ಅಂದವರು ಈಗ ಹೀಗಂದರೆ ಏನು ಮಾಡುವುದು? ನನಗೆ ಅಳುವೋ ನಗುವೋ ತಿಳಿಯಲಿಲ್ಲ. ಅತ್ತೆ ಗೋಡೆ ಹಿಡಿದು ಎದ್ದು, ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋದರು.

"ಹಿಂದಕ ಒಯ್ಯಿ" ಅಂದರು ಮಗನಿಗೆ.

ಹಿಂದಕ್ಕೆ ಹೋಯಿತು. ಮತ್ತೆ ನದಿ, ಮತ್ತೆ ಬೆನ್ನು. ಮುದುಕ ಹಗ್ಗ ಜಗ್ಗಲು ಬಲಗೈ ಎತ್ತಿದಾಗ ಚಿತ್ರ ಹಾಗೇ ನಿಂತುಬಿಟ್ಟಿತು. ಅತ್ತೆ ಅವನ ಕಂಕುಳ ಕೆಳಗೆ ಬೆರಳಿಟ್ಟರು.

"ತ್ಯಾಪಿ ನೋಡ್ರಿ. ಕೆಂಪಂದು, ಚೌಕಂದು. ಇದು ನನ್ನ ಕುಪ್ಪಸದ ಖಣ. ಯಾರ್ಡಿನ್ಯಾಗ ಹರಕೊಂಡ ಬಂದಾಗ ಬ್ಯಾರೆ ಅರಿಬಿ ಸಿಗದ ನಾನ ಹಚ್ಚಿದ್ದು. ಖಾಕಿ ಅಂಗಿಗೆ ಖಣದ ತ್ಯಾಪಿ ಯಾವಾಕಿ ಹಚ್ಚತಾಳ? ಮಂದಿ ನಗತಾರ ಅಂತ ಅವತ್ತ ನೀವ ಬೈದಿರಿ ನನಗ. ನೀವ ಅದೀರಿ ಇದು."

ಪ್ಲೇಯರ್ ಒಮ್ಮೆ ಕಟಕಟ ಅಂದು ಪರದೆ ನೀಲಿಯಾಯಿತು. ಆಮೇಲೆ ಎಷ್ಟು ಒರೆಸಿದರೂ ಆ ಡಿಸ್ಕು ಮತ್ತೆ ನಡೆಯಲಿಲ್ಲ.

ಅಂಗಿ ಇದ್ದಿದ್ದರೆ ತಂದು ಹೊಂದಿಸಿ ನೋಡಬಹುದಿತ್ತು. ಅದನ್ನು ನಾನೇ ಹಳೇ ಅರಿವೆ ತೆಗೆದುಕೊಂಡು ಸ್ಟೀಲ್ ಬೋಗುಣಿ ಕೊಡುವವಳಿಗೆ ಹಾಕಿಬಿಟ್ಟಿದ್ದೆ. ಕೆಂಪಗೆ ಚೌಕವಾದದ್ದು ಏನೋ ನನಗೂ ಕಂಡಿತ್ತು, ಸುಳ್ಳಲ್ಲ. ಅದು ಖಣದ ತೇಪೆಯೋ, ಚಿತ್ರ ಒಡೆದು ಮೂಡಿದ ಚೌಕವೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ. ಅತ್ತೆಯನ್ನು ಕೇಳುವ ಧೈರ್ಯ ಬರಲಿಲ್ಲ.

ಸಂಜೆ ಚಹಾದ ಹೊತ್ತಿಗೆ ಅತ್ತೆ ಮಾವನವರ ಚಪ್ಪಲಿ ತೆಗೆದು ಹೊಸ್ತಿಲ ಹೊರಗೆ ಇಟ್ಟರು. ಆ ಹೋಟೆಲ್ಲಿನ ಮುಂದೆ ಹೋಗುವಾಗ ಮುಖ ಎತ್ತಿಯೂ ನೋಡದವರು, ಸೆರಗು ತಲೆ ಮೇಲೆ ಎಳೆದುಕೊಂಡು ಹೊರಟು ನಿಂತರು.

"ನೀ ಯಾಕ?" ಅಂದರು ಮಾವನವರು.

"ನೀವ ಹೇಳಿದ್ರ ಯಾರೂ ನಂಬೂದಿಲ್ಲ. ನಾ ಹೇಳತೀನಿ. ಹೊರಗ ನಿಂತ ಹೇಳತೀನಿ, ಏಳ್ರಿ."

ಅಲ್ಲಿ ಏನು ಹೇಳಿದರೋ, ಯಾರು ನಂಬಿದರೋ ನಾನು ಕಾಣೆ. ಬರುವಾಗ ಮಾವನವರ ಕೈಯಲ್ಲಿ ಕಾಗದದ ಪೊಟ್ಟಣವಿತ್ತು, ಹೋಟೆಲ್ಲಿನವನು ಅತ್ತೆಗೆ ಅಂತ ಕೊಟ್ಟ ಮಿರ್ಚಿ ಭಜಿ. ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಆ ತಣ್ಣಗಾದ ಭಜಿ ತಲೆಗೊಂದು. ಮಾವನವರು ಒಂದು ರೊಟ್ಟಿ ಹೆಚ್ಚಿಗೆ ತಿಂದರು. ನಾನು ಪಾತ್ರೆ ಬೋರಲು ಹಾಕುವಾಗ ಪಡಸಾಲೆಯಿಂದ ಅವರ ದನಿ ಕೇಳಿತು, "ಅಲ್ಲ, ಖರೇನ ಅದು ನಾನ ಏನ?"

ಅತ್ತೆಗೆ ಆಗಲೇ ನಿದ್ದೆ ಹತ್ತಿತ್ತು.