ಬೆಣಚುಕಲ್ಲು ಹೊರಳಿದ ಜಾಗ

ಬೆಣಚುಕಲ್ಲು ಎರಡನ್ನು ಜೋರಾಗಿ ತಿಕ್ಕಿದರೆ ಸುಟ್ಟಂಥ ಒಂದು ವಾಸನೆ ಏಳುತ್ತದೆ. ಎಲ್ಲೇ ಕಲ್ಲು ಒಡೆಯುತ್ತಿರಲಿ, ಆ ವಾಸನೆ ನನ್ನನ್ನು ಕುಷ್ಟಗಿ ಕಡೆಯ ನಮ್ಮ ಮಣ್ಣಿನ ಮನೆಗೆ ಒಯ್ಯುತ್ತದೆ. ಎಪ್ಪತ್ತರ ದಶಕದ ಕೊನೆಯ ಆ ಬೇಸಿಗೆ, ಬಂಗಾರದ ಅದಿರು ಹುಡುಕಲು ಬಂದ ಮೈಸೂರು ಕಡೆಯ ಭೂವಿಜ್ಞಾನಿಯೊಬ್ಬರು ನಮ್ಮ ಪಡಸಾಲೆಯಲ್ಲಿ ಉಳಿದಿದ್ದರು. ಅಜ್ಜಿಯ ಕೌದಿಯನ್ನು ನೆಲಕ್ಕೆ ಹಾಸಿ, ಎರಡೂ ಅಂಚಿನಿಂದ ಒತ್ತಿ, ನೆಲದೊಳಗಿನ ಬಂಡೆಯೂ ಹೀಗೇ ಮಡಿಚಿಕೊಂಡಿದೆ, ಮಡಿಕೆ ಹೊರಳುವಲ್ಲಿ ಬಿರುಕು ಬಾಯಿಬಿಟ್ಟು ಬೆಣಚುಕಲ್ಲು ದಪ್ಪಗೆ ತುಂಬಿಕೊಳ್ಳುತ್ತದೆ, ಬಂಗಾರ ಕೂಡುವುದೂ ಅಲ್ಲೇ ಎಂದು ತೋರಿಸಿದ್ದರು. "ಬಂಗಾರ ಸಿಗಲಿ ಬಿಡಲಿ ಸಾಹೇಬ್ರ, ಕೌದಿ ಒಗಿಯೋರು ನೀವ ನೋಡ್ರಿ," ಎಂದಿದ್ದಳು ಅಜ್ಜಿ. ಎಲ್ಲರಿಗಿಂತ ಜೋರಾಗಿ ನಕ್ಕವನು ಅಪ್ಪನ ತಮ್ಮ, ಶರಣಪ್ಪ ಕಾಕಾ.

ಊರ ಬಾವಿಗಳ ಹೂಳು ತೆಗೆಯಲು ಇಳಿಯುತ್ತಿದ್ದವನು ಅವನೇ. ಗುಡ್ಡದ ಓರೆಯಲ್ಲಿ ಹಳೆಯ ಕಾಲದವರು ಬಂಗಾರಕ್ಕೆಂದು ತೋಡಿದ ಕುಣಿಯೊಂದಿತ್ತು. ಅದರೊಳಗೆ ಬೆಣಚುಕಲ್ಲು ಎತ್ತ ತಿರುಗಿದೆ ಎಂದು ಸಾಹೇಬರಿಗೆ ತಿಳಿಯಬೇಕಿತ್ತು. ನಾನೂ ಅವನ ಹೆಂಡತಿ ಕಾಕಿಯೂ ಬುತ್ತಿ ಹೊತ್ತು ಹೋದಾಗ ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಿದ್ದರು. ಅದು ತಳ ಮುಟ್ಟಿತು, ಆರದೆ ಮೇಲೆ ಬಂತು. ಗಾಳಿ ಚೆನ್ನಾಗಿದೆ ಎಂದು ಎಲ್ಲರಿಗೂ ಧೈರ್ಯ. ಕಾಕಾ ಸೊಂಟಕ್ಕೆ ಹಗ್ಗ ಬಿಗಿದು, ಬ್ಯಾಟರಿ ಹಿಡಿದು ಇಳಿದ. ಹಗ್ಗ ಜಗ್ಗಿದರೆ ಅಪ್ಪ ಎತ್ತಬೇಕೆಂದು ಮಾತಾಗಿತ್ತು. ಸ್ವಲ್ಪ ಹೊತ್ತಿಗೆ ಅವನ ದನಿ ಕೇಳಿತು: "ಇದು ತಳ ಅಲ್ರೋ, ಬರೇ ಕಟ್ಟಿ! ಕಲ್ಲು ಹೊಳ್ಳೈತಿ, ಕುಣಿ ಅಡ್ಡಕ್ಕ ಒಳಗ ಹೋಗೈತಿ!" ಸಾಹೇಬರು ಹಿಗ್ಗಿದರು. "ಅದೇ ಮಡಿಕೆ ಶರಣಪ್ಪ! ಸ್ವಲ್ಪ ಮುಂದೆ ಹೋಗಿ ನೋಡಿ." ಕಂದೀಲು ಮುಟ್ಟಿದ್ದು ಆ ಕಟ್ಟೆಯನ್ನು ಮಾತ್ರ, ಹೊರಳಿನಾಚೆಯ ಗಾಳಿ ಹೇಗಿದೆಯೆಂದು ಅದು ತೋರಿಸಿಯೇ ಇಲ್ಲ ಎಂಬುದು ಆ ಹಿಗ್ಗಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಅಪ್ಪ ಹಗ್ಗ ಬಿಟ್ಟ, ಇನ್ನಷ್ಟು ಬಿಟ್ಟ. ಆಮೇಲೆ ಅದು ನಿಂತಿತು. ಕೂಗಿದರೆ ನಮ್ಮ ದನಿಯೇ ತಿರುಗಿ ಬರುತ್ತಿತ್ತು.

"ಭಾವಾರ, ಎಳೀರಿ," ಎಂದಳು ಕಾಕಿ.

"ಹಗ್ಗ ಜಗ್ಗಿಲ್ಲವ್ವಾ ಅವ. ಕಲ್ಲು ಕೀಳಾಕತ್ತಿರಬೇಕು. ಸುಮ್ಮಸುಮ್ನ ಎಳದ್ರ ಬೈತಾನ."

ಅಪ್ಪನೆದುರು ಎಂದೂ ತಲೆಯ ಸೆರಗು ಸರಿಸದ ಕಾಕಿ ಬುತ್ತಿ ಕೆಳಗಿಟ್ಟು, ಬಂದು ಹಗ್ಗಕ್ಕೆ ಕೈ ಹಾಕಿದಳು. ಆಗ ಎಲ್ಲರೂ ಎಳೆದರು. ಕಾಕಾ ಮೇಲೆ ಬಂದಾಗ ಮೈ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ.

ಹೊರಳಿನ ಕಲ್ಲಿನಂಚಿಗೆ ಒತ್ತಿಕೊಂಡಿದ್ದ ಕಡೆ ಹಗ್ಗ ಎಳೆಎಳೆಯಾಗಿ ಹಿಂಜಿತ್ತು. ಅವನು ಜಗ್ಗಿದ್ದನೋ, ಆ ಜಗ್ಗು ಕಲ್ಲನ್ನು ದಾಟಿ ಅಪ್ಪನ ಕೈಗೆ ಬರಲಿಲ್ಲವೋ, ಎಳೆಯುವಾಗಲೇ ಹಿಂಜಿತೋ, ಯಾರು ಹೇಳಬೇಕು? ಸಾಹೇಬರು ಅಳುತ್ತಲೇ ಸಾಮಾನು ಕಟ್ಟಿಕೊಂಡು ಹೋದರು. ಕಾಕಿ ಅಪ್ಪನನ್ನು ಏನೂ ಕೇಳಲಿಲ್ಲ. ಅಪ್ಪ ಮಾತ್ರ ಊಟದ ನಡುವೆ ಒಮ್ಮೆಲೇ ಎದ್ದು ನಿಂತು, ಬಾಗಿಲ ಕಡೆ ಕಿವಿಗೊಟ್ಟು, "ಯಾರರ ಕರದ್ರೇನು?" ಎನ್ನುತ್ತಿದ್ದ. ಈಗ ಆ ಮನೆಯೂ ಇಲ್ಲ, ಅವರಿಬ್ಬರೂ ಇಲ್ಲ. ರೊಟ್ಟಿ ನೀಡುತ್ತಿದ್ದ ಕಾಕಿಯ ತಗ್ಗಿದ ದನಿಯೊಂದು ನನ್ನಲ್ಲಿ ಉಳಿದಿದೆ: "ಇಲ್ರೀ ಭಾವಾರ, ಯಾರೂ ಕರದಿಲ್ಲ. ಉಣ್ರಿ."